ಆಟಕ್ಕಿರುವ ಶಿಸ್ತು ದುಡಿಮೆಗೇಕೆ ಬೇಡ?



ಮುಂಗಾರಿಗೆ ಇನ್ನು ಹೆಚ್ಚು ದಿನಗಳಿಲ್ಲ. ಅಡಿಕೆ ಕೊನೆಗಳಿಗೆ ಮೊದಲ ಬೋರ್ಡೋ ಸಿಂಪರಣೆಯ ತಯಾರಿಯಲ್ಲಿ ತಾವೆಲ್ಲರೂ ಇದ್ದೀರಿ. ಸಂಘದ ಕಚೇರಿಯಲ್ಲಿ ಈ ದಿನಗಳಲ್ಲಿ ನಮಗೆ ಬರುವ ಪ್ರಶ್ನೆಗಳು ಪ್ರತಿ ವರ್ಷದವೇ: ಮೈಲುತುತ್ತದ ದರವೇನು, ಸುಣ್ಣ ಚೆನ್ನಾಗಿದೆಯೇ, ಅಂಟು ಬಂದಿದೆಯೇ. ಕಣ್ಣಿಗೆ ಹಾಕುವ ರಕ್ಷಣಾ ಕನ್ನಡಕ ಇದೆಯೇ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಇದೆ, ಧಾರಾಳವಾಗಿ ಇದೆ. ತರಿಸಿದ ಪೆಟ್ಟಿಗೆಗಳಲ್ಲಿ ಅರ್ಧಕ್ಕೂ ಹೆಚ್ಚು ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತಿವೆ.

ಈ ವಿಷಯವಾಗಿ ಎರಡು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಇತ್ತು. ಬರೆಯುವ ಧೈರ್ಯ ಬಂದದ್ದು ದೂರದ ದೇಶದಲ್ಲಿ ಒಂದು ಆಟವನ್ನು ನೋಡಿದ ಮೇಲೆ. ಆಟದ ಕಥೆ ಕಾಫಿ, ಅಡಿಕೆಯ ಪತ್ರಿಕೆಗೆ ಏಕೆ ಎಂದು ಹುಬ್ಬೇರಿಸಬೇಡಿ. ಕೊನೆಯವರೆಗೆ ಓದಿ, ಆಮೇಲೆ ಬೈಯಿರಿ.

ಕಳೆದ ಸೆಪ್ಟೆಂಬರಿನಲ್ಲಿ, ಎರಡನೆಯ ಸಿಂಪರಣೆ ಮುಗಿಸಿ, ಅಮೆರಿಕೆಯ ಪೆನ್ಸಿಲ್ವೇನಿಯ ರಾಜ್ಯದಲ್ಲಿರುವ ನಮ್ಮ ತಂಗಿಯ ಮಗನ ಮನೆಗೆ ಹೋಗಿದ್ದೆವು. ಗುರುವಾರ ರಾತ್ರಿ ಊಟವಾದ ಮೇಲೆ ಆತ ನಡುಮನೆಯಲ್ಲಿ ಚಾಪೆ ಹಾಸಿ, ಒಂದು ಹೊರೆ ಸಾಮಾನನ್ನು ಹರಡಿಕೊಂಡು ಕುಳಿತ. ಮದುವೆ ಮನೆಯ ಉಗ್ರಾಣದವನಂತೆ ಕೈಯಲ್ಲಿ ಪಟ್ಟಿ. ವಿಚಾರಿಸಿದರೆ, "ಶನಿವಾರ, ಭಾನುವಾರ ಪೇಂಟ್‌ಬಾಲ್ ಆಟ ಇದೆ ಮಾವ, ನೀವೂ ಬನ್ನಿ" ಎಂದ.

ಪೇಂಟ್‌ಬಾಲ್ ಎಂದರೆ ಬಣ್ಣ ತುಂಬಿದ ಗುಂಡಿನಾಟ. ಬೆಂಗಳೂರಿನ ಆಸುಪಾಸಿನಲ್ಲಿಯೂ, ನಮ್ಮ ಕೊಡಗು, ಚಿಕ್ಕಮಗಳೂರು ಕಡೆಯ ಕೆಲವು ರೆಸಾರ್ಟುಗಳಲ್ಲಿಯೂ ಇದನ್ನು ಆಡಿಸುತ್ತಾರೆ. ತಮ್ಮ ಮಕ್ಕಳು ಆಡಿರಬಹುದು. ಆದರೆ ಇದರ ಹುಟ್ಟು ನಮ್ಮಂಥ ತೋಟಗಾರರಿಗೆ ಹತ್ತಿರದ್ದೆಂಬುದು ನಮಗೂ ಗೊತ್ತಿರಲಿಲ್ಲ. ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಗುರುತು ಹಾಕಲು ಅಲ್ಲಿನ ನೆಲ್ಸನ್ ಎಂಬ ಬಣ್ಣದ ಕಂಪನಿಯವರು ಒಂದು ಪಿಸ್ತೂಲಿನಂಥ ಸಾಧನವನ್ನು ಮಾರುತ್ತಿದ್ದರು. ಹಳ್ಳದಾಚೆಯ ಮರವಾದರೂ ಸರಿ, ಹಿಂಡಿನ ನಡುವಿನ ದನವಾದರೂ ಸರಿ, ಈಚೆಯಿಂದಲೇ ಗುರುತು ಬೀಳುತ್ತಿತ್ತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರಿನ ಹೆನಿಕರ್ ಎಂಬ ಊರಿನ ಕಾಡಿನಲ್ಲಿ 12 ಮಂದಿ ಗೆಳೆಯರು ಅದೇ ಸಾಧನವನ್ನು ಹಿಡಿದು ಬಾವುಟ ಕದಿಯುವ ಆಟ ಆಡಿದರು. ಗೆದ್ದವರು ರಿಚಿ ವೈಟ್ ಎಂಬ ಅರಣ್ಯ ಕಸುಬಿನವರು. ಅವರು ಒಂದು ಗುಂಡನ್ನೂ ಹಾರಿಸದೆ ಎಲ್ಲ ಬಾವುಟಗಳನ್ನು ಕೂಡಿಸಿಕೊಂಡು ಹೊರಬಂದರಂತೆ. ಕಾಡನ್ನು ಬಲ್ಲವನಿಗೆ ಕೋವಿ ಬೇಡವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಇಂದಿಗೂ ಆಟಗಾರರು ಆ ಸಾಧನವನ್ನು 'ಮಾರ್ಕರ್' ಎಂದು ಕರೆಯುತ್ತಾರೆ.

ನಮ್ಮ ಸೋದರಳಿಯ ಹೊರಟದ್ದು ಇದರಲ್ಲೇ ಒಂದು ಬಗೆಯಾದ 'ಸಿನೇರಿಯೊ' ಆಟಕ್ಕೆ. ಕಥೆ ಕಟ್ಟಿ ಆಡುವ ಆಟವಿದು. ನಮ್ಮ ಬಯಲಾಟಕ್ಕೆ ಕಾಡನ್ನೇ ರಂಗಸ್ಥಳ ಮಾಡಿದಂತೆ. ನೂರಾರು ಜನ ಎರಡು ಪಕ್ಷವಾಗುತ್ತಾರೆ. ಪ್ರತಿ ಪಕ್ಷಕ್ಕೊಬ್ಬ ದಳಪತಿ, ಒಂದು ಠಾಣೆ. ಸೇತುವೆ ಹಿಡಿಯಿರಿ, ಕಾಗದ ತಲುಪಿಸಿರಿ ಎಂದು ಗಂಟೆಗಂಟೆಗೂ ಅಪ್ಪಣೆ ಬರುತ್ತದೆ. ಒಬ್ಬ ವೈದ್ಯನ ಪಾತ್ರ, ಮತ್ತೊಬ್ಬ ಗೂಢಚಾರನ ಪಾತ್ರ. ಗುಂಡು ತಗಲಿ ಬಣ್ಣ ಒಡೆದವನು ಕೈಯೆತ್ತಿ ಹೊರಗೆ ನಡೆದು, ಗೊತ್ತಾದ ಹೊತ್ತು ಕಾದು, ಮತ್ತೆ ಒಳಗೆ ಬರಬಹುದು. ಎರಡು ಹಗಲು ಹೀಗೆಯೇ ನಡೆಯುವುದರಿಂದ ಮನೆಯಲ್ಲಿ ಮರೆತದ್ದಕ್ಕೆ ಕಾಡಿನಲ್ಲಿ ಪರಿಹಾರವಿಲ್ಲ. ಗುರುವಾರ ರಾತ್ರಿಯ ಆ ಪಟ್ಟಿಯ ಮಹತ್ವ ಇದು.

ಮೊದಲು ಅವನು ಎತ್ತಿಕೊಂಡದ್ದು ಮಾರ್ಕರನ್ನಲ್ಲ, ಮುಖವಾಡವನ್ನು. ಕಣ್ಣು, ಕಿವಿ, ಬಾಯಿ ಮೂರನ್ನೂ ಮುಚ್ಚುವಂಥದ್ದು. ಅದರ ಗಾಜಿನಂಥ ಫಲಕವನ್ನು ದೀಪಕ್ಕೆ ಹಿಡಿದು ಕೂದಲೆಳೆ ಬಿರುಕನ್ನೂ ಹುಡುಕಿದ. ಒಂದು ಮೂಲೆಯಲ್ಲಿ ಏನೋ ಕಂಡಿತು. ಫಲಕವನ್ನೇ ಕಿತ್ತು ಬಿಸಾಡಿ ಹೊಸದು ಕೂರಿಸಿದ. "ಇನ್ನೊಂದು ಸಲ ನಡೀತಿತ್ತೇನೋ?" ಎಂದೆವು. "ನಡೀತಿತ್ತು ಮಾವ, ನಡೀದೇ ಹೋದ್ರೆ ಕಣ್ಣು ಹೋಗುತ್ತೆ" ಎಂದ. ಗುಂಡು ಸುಮಾರು 17 ಮಿಲಿಮೀಟರ್ ಅಡ್ಡಳತೆಯದು, ಮೂರು ಗ್ರಾಮು ತೂಕ. ಆದರೆ ಸೆಕೆಂಡಿಗೆ 85 ಮೀಟರಿನ ವೇಗ. ಮೈಗೆ ಬಿದ್ದರೆ ಕಣಜ ಕಚ್ಚಿದಂತಾದೀತು, ಬರಿಗಣ್ಣಿಗೆ ಬಿದ್ದರೆ ಕಣ್ಣು ಉಳಿಯುವ ಭರವಸೆಯಿಲ್ಲ. ಈ ಆಟದಲ್ಲಿ ಕಣ್ಣು ಕಳೆದುಕೊಂಡವರಲ್ಲಿ ಹೆಚ್ಚಿನವರು ಮುಖವಾಡವಿಲ್ಲದವರು ಅಥವಾ ಅರೆಗಳಿಗೆ ತೆಗೆದವರು ಎಂದು ಅಲ್ಲಿಯ ನೇತ್ರವೈದ್ಯರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ.

ಎರಡನೆಯದು ಗಾಳಿಯ ಸಿಲಿಂಡರು. ಚದರ ಇಂಚಿಗೆ 3000 ಅಥವಾ 4500 ಪೌಂಡು ಒತ್ತಡದ ಗಾಳಿಯನ್ನು ತುಂಬುವ ಈ ಸೀಸೆಯನ್ನು ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದಿಂದ ಪರೀಕ್ಷಿಸಿ ತಾರೀಖು ಹಾಕಬೇಕು. ತಾರೀಖು ಮೀರಿದ್ದರೆ ಮೈದಾನದವರು ಗಾಳಿ ತುಂಬುವುದಿಲ್ಲ. ಮೂರನೆಯದು ಮಾರ್ಕರಿನ ಬಾಯಿಗೆ ಕಟ್ಟುವ ಬಟ್ಟೆಯ ಚೀಲ. ಕಣದ ಹೊರಗೆ ಅದಿಲ್ಲದೆ ಯಾರೂ ಓಡಾಡುವಂತಿಲ್ಲ. ಆಮೇಲೆ ನಳಿಗೆ ಒರೆಸುವ ಕಡ್ಡಿ, ರಬ್ಬರ್ ಬಳೆಗಳು, ಗ್ರೀಸು, ಬ್ಯಾಟರಿ, ಸಣ್ಣ ಕೀಲಿಗಳು: ನಮ್ಮ ಸ್ಪ್ರೇಯರಿನ ಜೊತೆ ಇರಲೇಬೇಕಾದ, ಎಂದೂ ಇರದ ಸಾಮಾನುಗಳೇ.

ಗುಂಡುಗಳ ಚಿಪ್ಪು ಜೆಲಟಿನ್ನಿನದು, ಮಾತ್ರೆಯ ಕೋಶದಂತೆ. 2000ದ ಲೆಕ್ಕದಲ್ಲಿ ಪೆಟ್ಟಿಗೆಯಾಗಿ ಸಿಗುತ್ತವೆ. ತೇವ ತಗಲಿದರೆ ಊದಿಕೊಳ್ಳುತ್ತವೆ, ಬಿಸಿಲಿನ ಕಾರಿನಲ್ಲಿಟ್ಟರೆ ಆಕಾರ ಕೆಡುತ್ತವೆ. ಕೆಟ್ಟ ಗುಂಡು ನಳಿಗೆಯೊಳಗೇ ಒಡೆಯುತ್ತದೆ. ಮಳೆಗಾಲದಲ್ಲಿ ಬರಿ ನೆಲದ ಮೇಲೆ ಚೀಲವಿಟ್ಟು ಕಾಫಿ ಬೀಜ ಬಿಳಿಚಿಸಿಕೊಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಬಟ್ಟೆಬರೆಯದು ದೊಡ್ಡ ಗಂಟು. ತುಂಬುತೋಳಿನ ಹಳೆಯ ಅಂಗಿ, ದಪ್ಪ ಷರಾಯಿ, ಮೊಣಕಾಲ ಪಟ್ಟಿ, ಕೈಗವಸು, ಹರಡು ಹಿಡಿಯುವ ಎತ್ತರದ ಬೂಟು, ಮೂರು ಜೊತೆ ಕಾಲುಚೀಲ. ಗುಡಾರ, ತಲೆದೀಪ, ಕುಡಿಯುವ ನೀರು, ಬ್ಯಾಂಡೇಜು, ದಿನದ ಮಾತ್ರೆ. ಷರಾಯಿಯ ಅಂಚನ್ನು ಕಾಲುಚೀಲದೊಳಕ್ಕೆ ತೂರಿಸಿ, ಮೇಲೆ ಉಣ್ಣೆಗೆ ಔಷಧಿ ಹೊಡೆಯಬೇಕೆಂದು ಪಟ್ಟಿಯಲ್ಲಿ ಕೆಂಪು ಗೆರೆ ಬೇರೆ. ಅಲ್ಲಿಯ ಕಾಡಿನ ಉಣ್ಣೆಯಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ. ನಮಗೆ ಕೂಡಲೇ ನೆನಪಾದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ. ಅದೂ ಉಣ್ಣೆಯಿಂದಲೇ. ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲದ ಸೀಸೆ ನಮ್ಮಲ್ಲಿ ಎಷ್ಟು ಮನೆಗಳ ಕಿಟಕಿಯ ಮೇಲೆ ಬಿರಡೆ ಬಿಚ್ಚದೆ ಕುಳಿತಿಲ್ಲ? ಆತ ಆಟಕ್ಕೆ ಹೋಗುವವನು. ನಮ್ಮವರು ಸೊಪ್ಪು, ದರಗಿಗೆ ದಿನಾ ಕಾಡಿಗೆ ಹೋಗುವವರು.

ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಕಂಡದ್ದನ್ನು ಚಿಕ್ಕದಾಗಿ ಹೇಳುತ್ತೇವೆ. ಪ್ರತಿಯೊಬ್ಬನ ಮಾರ್ಕರನ್ನೂ ಯಂತ್ರದ ಮುಂದೆ ಹಾರಿಸಿ ವೇಗ ಅಳೆದರು; ಹೆಚ್ಚಿದ್ದವನನ್ನು ಪಕ್ಕಕ್ಕೆ ನಿಲ್ಲಿಸಿ ತಗ್ಗಿಸುವವರೆಗೆ ಒಳಗೆ ಬಿಡಲಿಲ್ಲ. ದಳಪತಿಗೂ ಇದೇ, ಬಾಡಿಗೆ ಮಾರ್ಕರ್ ಹಿಡಿದ ನಮಗೂ ಇದೇ. ಕಣದೊಳಗೆ ಯಾವ ಕಾರಣಕ್ಕೂ ಮುಖವಾಡ ತೆಗೆಯಬಾರದು. ಯಾರದಾದರೂ ಕಳಚಿ ಬಿದ್ದರೆ ನೋಡಿದವನು ಕೂಗಬೇಕು, ಅಲ್ಲಿ ಆಟ ನಿಲ್ಲಬೇಕು ಎಂದು ಸಾರಿದರು.

ತಂಪು ಹವೆ, ಏರುಹಾದಿ, ನಮ್ಮ ವಯಸ್ಸಿನ ಏದುಸಿರು. ಕಾಲು ಗಂಟೆಯೊಳಗೆ ಮುಖವಾಡದ ಫಲಕಕ್ಕೆ ಮಂಜು ಕವಿಯಿತು. ಎದುರಿನ ಮರವೂ ಕಾಣದು. ಕೈ ತಾನಾಗಿಯೇ ಮೇಲೆ ಹೋಯಿತು. "ಮಾವ, ತೆಗೀಬೇಡಿ!" ಎಂದು ಅಳಿಯ ಕೂಗಿದ. ಅವನಿಗಿಂತ ಮೊದಲು ಎದುರು ಪಕ್ಷದ ಹುಡುಗನೊಬ್ಬ, ನಮ್ಮನ್ನು ಹೊಡೆಯಲೆಂದೇ ಹೊಂಚುತ್ತಿದ್ದವನು, ಮಾರ್ಕರನ್ನು ನೆಲಕ್ಕೆ ತಗ್ಗಿಸಿ ಕೈ ಅಡ್ಡಮಾಡಿ ನಿಂತುಬಿಟ್ಟಿದ್ದ. ಪಂಚರು ಬಂದು ನಮ್ಮನ್ನು ಕೈಹಿಡಿದು ಹೊರಗೆ ಕರೆದೊಯ್ದು, ಎರಡು ಪದರದ ಫಲಕವಿರುವ ಬೇರೆ ಮುಖವಾಡ ಕೊಟ್ಟರು. ಅದಕ್ಕೆ ಮಂಜು ಹಿಡಿಯಲಿಲ್ಲ. ಆಮೇಲೆ ಅದೇ ಹುಡುಗ ನಮ್ಮ ತೊಡೆಗೆ ಸರಿಯಾಗಿಯೇ ಕೊಟ್ಟ, ಆ ಮಾತು ಬೇರೆ.

ಈ ಆಟದ ವಕೀಲಿ ನಮ್ಮದಲ್ಲ. ಯುದ್ಧವನ್ನು ವಿನೋದ ಮಾಡಿಕೊಳ್ಳುವುದು ನಮ್ಮ ಮನಸ್ಸಿಗೆ ಅಷ್ಟಾಗಿ ಒಗ್ಗದು. ದುಡ್ಡು ಕೊಟ್ಟು ಪೆಟ್ಟು ತಿನ್ನುವುದು ಸ್ಥಿತಿವಂತರ ಚಪಲವೆಂದು ಯಾರಾದರೂ ಅಂದರೆ ವಾದಿಸುವುದಿಲ್ಲ. ಆದರೆ ಅಂದು ಹೊರಗಿನ ಬೆಂಚಿನ ಮೇಲೆ ಕುಳಿತು ಮಂಜು ಒರೆಸುತ್ತಿರುವಾಗ ನಮಗೆ ನೆನಪಾದದ್ದು ನಮ್ಮ ಪಂಪ್ ಮನೆಯ ಮೊಳೆಗೆ ತೂಗುತ್ತಿದ್ದ ಒಂದು ಕನ್ನಡಕ.

ನಾಲ್ಕು ವರ್ಷದ ಹಿಂದಿನ ಮಾತು. ಇಪ್ಪತ್ತು ವರ್ಷದಿಂದ ನಮ್ಮ ತೋಟದಲ್ಲಿರುವ ಆಳೊಬ್ಬರು ಕಳೆ ಕೊಚ್ಚುವ ಯಂತ್ರ ಹಿಡಿದು ಬದು ಸವರುತ್ತಿದ್ದರು. ಕಲ್ಲಿನ ಚೂರೊಂದು ಸಿಡಿದು ಎಡಗಣ್ಣಿಗೆ ಬಡಿಯಿತು. ಆಸ್ಪತ್ರೆ ಆಯಿತು, ಖರ್ಚು ಆಯಿತು, ದೃಷ್ಟಿ ಮರಳಲಿಲ್ಲ. ಊರಿನವರು ಕೇಳಿದಾಗಲೆಲ್ಲ ನಾವು ಕೊಟ್ಟ ಉತ್ತರ ಒಂದೇ: "ಕನ್ನಡಕ ತಂದುಕೊಟ್ಟಿದ್ದೆವು, ಹಾಕಿಕೊಳ್ಳಲಿಲ್ಲ." ಆ ಮಾತು ಸುಳ್ಳಲ್ಲ. ಅದು ಮಂಜು ಹಿಡಿಯುತ್ತದೆಂದು ಅವರು ಎರಡು ಸಲ ಹೇಳಿದ್ದೂ ಸುಳ್ಳಲ್ಲ. ನಾವು ಅದನ್ನು ಸೋಮಾರಿತನವೆಂದುಕೊಂಡೆವು. ನಾವಾಗಿ ಒಂದು ದಿನವೂ ಅದನ್ನು ಹಾಕಿ ನೋಡಿರಲಿಲ್ಲ. ಅವರು ಹೇಳಿದ್ದು ನಿಜವೆಂದು ತಿಳಿಯಲು ನಮಗೆ ಕಾಲು ಗಂಟೆ ಸಾಕಾಯಿತು. ಅದಕ್ಕೆ ಸಮುದ್ರ ದಾಟಬೇಕಾಯಿತೆಂಬುದೇ ನಾಚಿಕೆ. ಊರಿಗೆ ಮರಳಿದ ಮೇಲೆ ಅವರ ಮನೆಗೆ ಹೋಗಿ ಇದನ್ನು ಹೇಳಿ ಬಂದೆವು. "ಹೋಗ್ಲಿ ಬಿಡಿ ಅಯ್ಯ" ಎಂದರು. ಬಿಡುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಭಿಪ್ರಾಯ ಇಷ್ಟು. ಸಾಮಾನು ತಂದಿಟ್ಟ ಮಾತ್ರಕ್ಕೆ ಮಾಲೀಕನ ಹೊಣೆ ತೀರುವುದಿಲ್ಲ. ಧರಿಸಿ ದುಡಿಯಬಹುದಾದ ಸಾಮಾನು, ಹಿಂದಿನ ಸಂಜೆಯ ತಪಾಸಣೆ, ಎಲ್ಲರಿಗೂ ಒಂದೇ ನಿಯಮ: ಈ ಮೂರೂ ಕೂಡಿದರೆ ಮಾತ್ರ ರಕ್ಷಣೆ. ಆದ್ದರಿಂದ ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಕೆಲವು ಸಲಹೆಗಳನ್ನು ಇಡಲಿದ್ದೇವೆ.

ಗೋದಾಮಿನ ಹಳೆಯ ಕನ್ನಡಕಗಳನ್ನು ಬದಿಗಿಟ್ಟು, ಔಷಧಿ ಹೊಡೆಯುವವರಿಗೆ ಮಂಜು ಹಿಡಿಯದ, ಸುತ್ತ ಮುಚ್ಚಿದ ಕನ್ನಡಕವನ್ನೂ, ಕಳೆ ಯಂತ್ರದವರಿಗೆ ಜಾಲರಿಯ ಮುಖಕವಚ ಮತ್ತು ಅದರೊಳಗೆ ಹಾಕುವ ಕನ್ನಡಕವನ್ನೂ ತರಿಸುವುದು. ಜಾಲರಿಗೆ ಮಂಜು ಹಿಡಿಯದು, ಆದರೆ ದ್ರಾವಣವನ್ನು ತಡೆಯದು; ಒಂದರ ಬದಲು ಇನ್ನೊಂದು ಸಲ್ಲದು. ಕೊಳ್ಳುವ ಮೊದಲು ದುಡಿಯುವವರೇ ಹಾಕಿ ನೋಡಿ ಒಪ್ಪಬೇಕು. ಅಸಲು ಬೆಲೆಗೆ, ಮೈಲುತುತ್ತದ ಮೊದಲ ಚೀಲದ ಜೊತೆಗೇ ಕೊಡುವುದು.

ಮಂಡಳಿ ತೀರ್ಮಾನಿಸುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅದರ ಜೊತೆಗೆ ಒಂದು ಕೊಡ ಶುದ್ಧ ನೀರು ಬೇರೆಯೇ ಇಡಬೇಕೆಂಬುದೂ ಬಾಯಿಪಾಠವಾಗಲಿ. ಸುಣ್ಣ ಅರಳುವಾಗ ಸಿಡಿಯುತ್ತದೆ. ಕೊನೆಗೆ ಹೊಡೆದ ದ್ರಾವಣ ಮೇಲೆ ನೋಡುವವನ ಮುಖಕ್ಕೇ ಸೋರುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ, ಹದಿನೈದು ಇಪ್ಪತ್ತು ನಿಮಿಷ ಬಿಡದೆ ನೀರು ಹುಯ್ದು ತೊಳೆದು, ಆಮೇಲೆ ವೈದ್ಯರ ಬಳಿಗೆ ಓಡಬೇಕು. ಕಳೆ ಯಂತ್ರ ತಿರುಗುವಾಗ ಹದಿನೈದು ಮೀಟರಿನೊಳಗೆ ಯಾರೂ ಬರಬಾರದು; ಬಂದರೆ ಯಂತ್ರ ನಿಲ್ಲಬೇಕು. ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ತು ಹರಿಯುತ್ತದೆ. ತಂತಿ ಹಾದುಹೋದ ಸಾಲುಗಳನ್ನು ಹಿಂದಿನ ದಿನವೇ ನೋಡಿ ಗುರುತು ಹಾಕಿಡಿ.

ಕೊನೆಯ ಮಾತು ಮಾಲೀಕರಿಗೆ. ತೋಟದೊಳಗೆ ಮೊದಲು ಕನ್ನಡಕ ಹಾಕುವವರು ನಾವಾಗಬೇಕು. ಬರಿಗಣ್ಣಿನವರನ್ನು ಕಂಡಾಗ "ನಿಲ್ಲಿಸಿ" ಎನ್ನುವ ಅಧಿಕಾರ ಎಲ್ಲರಿಗಿಂತ ಕಿರಿಯ ಆಳಿಗೂ ಇರಬೇಕು; ಆ ಮಾತನ್ನು ಅವರು ನಮಗೇ ಹೇಳಿದರೂ ನಾವು ನಿಲ್ಲಬೇಕು. ನಮ್ಮನ್ನು ಹೊಡೆಯಲು ಬಂದ ಎದುರು ಪಕ್ಷದ ಹುಡುಗ ನಮ್ಮ ಕಣ್ಣಿಗಾಗಿ ಗೆಲುವನ್ನು ಬಿಟ್ಟು ನಿಂತ. ನಮ್ಮ ಪಕ್ಷದಲ್ಲೇ ದುಡಿಯುವವರ ಕಣ್ಣಿಗಾಗಿ ನಾವು ಅರ್ಧ ಗಂಟೆಯ ಕೆಲಸ ನಿಲ್ಲಿಸಲಾರೆವೇ?

ಈ ವಾರ ಗೋದಾಮಿಗೆ ಬಂದಾಗ ಒಂದು ಕನ್ನಡಕ ಹಾಕಿ, ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ, ಏನನಿಸಿತೆಂದು ನಮಗೆ ತಿಳಿಸಬೇಕಾಗಿ ಕೋರಿಕೆ.

ಕಾರ್ಯದರ್ಶಿ