ಇಗ್ವಾನಾದ ಹೊಟ್ಟೆಯಲ್ಲಿ ತೆಂಗಿನ ನಾರು

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಕೆಲಸ, ಡೆಡ್‌ಲೈನು ಅಂತ ನೆಪ ಹೇಳಬಹುದು. ನಿಜ ಏನೆಂದರೆ ಈ ಒಂದು ವಿಷಯ ಬರೆಯದೆ ಬೇರೆ ಏನೂ ಬರೆಯೋಕೆ ಮನಸ್ಸು ಬರ್ತಿರಲಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ, ಅದಕ್ಕೇ ಇಷ್ಟು ತಡ.

2024ರ ಜುಲೈ. ಊರಲ್ಲಿ ಆಟಿ ತಿಂಗಳು. ನಿಟ್ಟೆಯಿಂದ ಚಿಕ್ಕಪ್ಪನ ಮಗನ ಫೋನು. ನಾನು ಬೆಂಗಳೂರಲ್ಲಿ, ಆಫೀಸಿನಲ್ಲಿ.

"ಅಣ್ಣಾ, ಪಚ್ಚೆ ಹತ್ತು ದಿನ ಆಯ್ತು ಕಕ್ಕ ಮಾಡ್ಲಿಲ್ಲ. ಎಂತದೂ ತಿನ್ನುದೂ ಇಲ್ಲ."

ನನಗೆ ಮೊದಲು ಬಂದದ್ದು ನಗು. ಮೀಟಿಂಗಿನ ಮಧ್ಯೆ ಎದ್ದು ಬಂದು ಕೇಳಿದ ಸುದ್ದಿ ಇದು ಅಂತ ಪಕ್ಕದವರಿಗೆ ಹೇಳಿ ನಗಿಸಿದ್ದೂ ಉಂಟು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಪಚ್ಚೆ ಅಂದರೆ ಅವನ ಇಗ್ವಾನಾ. ಹಸಿರು ಇಗ್ವಾನಾ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳ ದೊಡ್ಡ ಓತಿ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಾಗ "ಎಂತ ಬೇಕು ಮಾರಾಯ ನಿಂಗೆ?" ಅಂತ ಕೇಳಿ ದುಡ್ಡು ಕೊಟ್ಟವನು ನಾನೇ. ಬೆಂಗಳೂರಿನ ಒಂದು ಅಂಗಡಿಯಿಂದ ತಂದದ್ದು. ಬಾಲ ಬಿಟ್ಟರೆ ಬೆರಳುದ್ದ ಇತ್ತು. ಐದಾರು ಅಡಿವರೆಗೆ ಬೆಳೆಯುವ, ಚೆನ್ನಾಗಿ ಸಾಕಿದರೆ ಹದಿನೈದು ವರ್ಷಕ್ಕೂ ಹೆಚ್ಚು ಬದುಕುವ ಜೀವ ಅದು ಅಂತ ಅಂಗಡಿಯವನು ಹೇಳಲಿಲ್ಲ. ನಾವೂ ಕೇಳಲಿಲ್ಲ. "ಸೊಪ್ಪು ಹಾಕಿದ್ರೆ ಸಾಕು ಸಾರ್, ನಾಯಿ ತರ ರಗಳೆ ಇಲ್ಲ" ಅಂದ. ನಂಬಿದೆವು.

ಸಾಕುವುದು ಹೇಗೆ ಅಂತ ಫೋನಿನಲ್ಲೇ ಸಲಹೆ ಕೊಟ್ಟವನೂ ನಾನೇ! ಇಂಜಿನಿಯರ್ ಅಲ್ವಾ, ಎಲ್ಲ ಗೊತ್ತಿರುತ್ತೆ ನಮಗೆ :-) ಗಾಜಿನ ತೊಟ್ಟಿಯನ್ನು ಕಿಟಕಿ ಹತ್ತಿರ ಇಡು, ಬಿಸಿಲು ಬೀಳುತ್ತೆ ಅಂದೆ. ನೆಲಕ್ಕೆ ತೆಂಗಿನ ನಾರಿನ ಪುಡಿ ಹಾಸು, ನೈಸರ್ಗಿಕ, ಮನೆಯಲ್ಲೇ ಸಿಗುತ್ತೆ, ಖರ್ಚಿಲ್ಲ ಅಂದೆ. ಚಿಕ್ಕಮ್ಮ ಹಿತ್ತಲಿನ ಬಸಳೆ ಚಪ್ಪರದಿಂದ ದಿನಾ ನಾಲ್ಕು ಎಲೆ ಕಿತ್ತು ಹಾಕುತ್ತಿದ್ದರು. ಪಚ್ಚೆ ಖುಷಿಯಿಂದ ತಿನ್ನುತ್ತಿತ್ತು. ಒಂದು ವರ್ಷ ಎಲ್ಲ ಸರಿ ಇದ್ದ ಹಾಗೆ ಕಾಣಿಸಿತು.

ಹತ್ತನೇ ದಿನ ಅಜ್ಜಿ ಹರಳೆಣ್ಣೆ ಕೊಡಲು ಹೇಳಿದರು. ನಮಗೆಲ್ಲ ಚಿಕ್ಕವರಿದ್ದಾಗ ಕುಡಿಸಿದವರು ಅವರು. ನಾನೂ "ಎರಡು ಹನಿ ಹಾಕಿ ನೋಡು" ಅಂದೆ. ಬಾಯಿ ಬಿಡಿಸಿ ಹಾಕುವಾಗ ಅದು ಒದ್ದಾಡಿತಂತೆ, ಅರ್ಧ ಹೊರಗೆ ಚೆಲ್ಲಿತಂತೆ. ಓತಿಯ ಬಾಯಿಗೆ ಬಲವಂತವಾಗಿ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಅದೇ ಸಾವಿಗೆ ಕಾರಣವಾಗಬಹುದು ಅಂತ ನನಗೆ ಗೊತ್ತಾದದ್ದು ಮಾರನೇ ದಿನ.

ಕೊನೆಗೆ ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಪುಣ್ಯಾತ್ಮ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನಾನು ದನ, ನಾಯಿ ನೋಡುವವ. ಇದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದು." ಆದರೂ ತಮ್ಮ ಗೆಳೆಯರಿಗೆ ಫೋನ್ ಮಾಡಿ ಕೇಳಿದರು. ಮಂಗಳೂರಿಗೆ ಒಯ್ದು ಎಕ್ಸ್‌ರೇ ತೆಗೆಸಲು ಹೇಳಿದರು. ಎಕ್ಸ್‌ರೇಯಲ್ಲಿ ಕೆಳಹೊಟ್ಟೆ ತುಂಬಾ ಒಂದು ಗಂಟು. ಅದಕ್ಕಿಂತ ಹೆಚ್ಚಾಗಿ ಡಾಕ್ಟರು ಬೆರಳಿಟ್ಟು ತೋರಿಸಿದ್ದು ಎಲುಬುಗಳನ್ನು. ಬಿಳಿಯಾಗಿ ಎದ್ದು ಕಾಣಬೇಕಾದ ಎಲುಬು ಪೆನ್ಸಿಲಿನಲ್ಲಿ ಗೀಚಿ ಅಳಿಸಿದ ಹಾಗಿತ್ತು.

ಗ್ಲೂಕೋಸ್ ನೀರು ಕೊಟ್ಟರು, ಕ್ಯಾಲ್ಶಿಯಂ ಕೊಟ್ಟರು, ಎನಿಮಾ ಕೊಟ್ಟರು, ಶಾಖ ಕೊಟ್ಟರು. ಮೂರನೇ ದಿನ ಬೆಳಗ್ಗೆ ಪಚ್ಚೆ ಸತ್ತಿತು. ತಮ್ಮ ಹಟ ಹಿಡಿದು ಕಾರಣ ನೋಡಲೇಬೇಕು ಅಂದದ್ದಕ್ಕೆ ಡಾಕ್ಟರು ಹೊಟ್ಟೆ ಕೊಯ್ದು ತೋರಿಸಿದರು. ಕರುಳಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ನಾರಿನ ಉಂಡೆ. ನಮ್ಮದೇ ತೋಟದ ತೆಂಗಿನ ನಾರು.

ನಾನು ಫೋನಿನಲ್ಲಿ "ಹಾಗಾದ್ರೆ ನಾರಿನಿಂದಾನೇ ಸತ್ತದ್ದಾ ಡಾಕ್ಟ್ರೇ?" ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟೇ: "ನಾರು ಕೊನೆಗೆ ಬಂದದ್ದು. ಅದು ಕಾಯಿಲೆ ಬಿದ್ದು ತಿಂಗಳುಗಳೇ ಆಗಿರ್ಬೇಕು."

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಅದೇ. ಹೊಟ್ಟೆ ಕಟ್ಟುವುದಕ್ಕೆ ಡಾಕ್ಟರುಗಳು ಇಂಪ್ಯಾಕ್ಷನ್ ಅಂತಾರೆ. ಮರಳು ತಿಂತು, ನಾರು ತಿಂತು, ಕಲ್ಲು ನುಂಗಿತು ಅಂತ ನಾವು ಆ ಗಂಟನ್ನು ಮಾತ್ರ ನೋಡುತ್ತೇವೆ. ಕಾಡಿನ ಓತಿಯೂ ಮಣ್ಣು, ಕಸ ನುಂಗುತ್ತೆ. ಕರುಳು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅಲ್ಪಸ್ವಲ್ಪ ಹೊರಗೆ ಹೋಗಿಬಿಡುತ್ತೆ. ಸಾಕಿದ ಓತಿಯ ಕರುಳು ಯಾಕೆ ನಿಂತುಹೋಯ್ತು ಅನ್ನುವುದೇ ಪ್ರಶ್ನೆ.

ಮೊದಲ ಕಾರಣ ಶಾಖ. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸುತ್ತೆ. ಓತಿಗೆ ಅದು ಹೊರಗಿನಿಂದ ಬರಬೇಕು. 2020ರ ಜನವರಿಯಲ್ಲಿ ಚಳಿ ಜಾಸ್ತಿಯಾಗಿ, ಮರದಿಂದ ಇಗ್ವಾನಾ ಬಿದ್ದಾವು ಜೋಕೆ ಅಂತ ಮಯಾಮಿಯ ಹವಾಮಾನ ಕಚೇರಿ ಎಚ್ಚರಿಕೆ ಕೊಟ್ಟಿತ್ತು. ಚಳಿಗೆ ಅವು ಮರಗಟ್ಟಿಬಿಡುತ್ತವೆ. ನಿಟ್ಟೆಯಲ್ಲಿ ಅಷ್ಟು ಚಳಿ ಇಲ್ಲ, ನಿಜ. ಆದರೆ ಎಲೆ ಅರಗಿಸಲು ಇಗ್ವಾನಾಗೆ ಬಿಸಿಲು ಕಾಯುವ ಜಾಗದಲ್ಲಿ 35ರಿಂದ 38 ಡಿಗ್ರಿ ಬೇಕು. ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳೇ ಎಲೆಯ ನಾರನ್ನು ಹುದುಗಿಸಿ ಕರಗಿಸುವುದು, ಇಡ್ಲಿ ಹಿಟ್ಟು ಹುದುಗುವ ಹಾಗೆ. ಚಳಿಯಲ್ಲಿ ಹಿಟ್ಟು ಉಬ್ಬುತ್ತಾ? ಆಟಿಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲ, ಹಗಲಲ್ಲೂ 26-27 ಡಿಗ್ರಿ, ಅದರ ಮೇಲೆ ಗಾಳಿಮಳೆಗೆ ಕರೆಂಟು ಹೋದರೆ ಬಲ್ಬೂ ಇಲ್ಲ. ಪಚ್ಚೆಯ ಹೊಟ್ಟೆಯ ಒಲೆ ಆರಿಹೋಗಿತ್ತು, ನಾವು ಮೇಲಿನಿಂದ ಬಸಳೆ ತುಂಬುತ್ತಾ ಇದ್ದೆವು.

ಎರಡನೆಯದು ಬೆಳಕು. ಬಿಸಿಲಿನ ಯುವಿಬಿ ಕಿರಣ ಚರ್ಮಕ್ಕೆ ಬಿದ್ದರೆ ಡಿ ಜೀವಸತ್ವ ತಯಾರಾಗುತ್ತೆ. ಅದಿದ್ದರೆ ಮಾತ್ರ ತಿಂದ ಕ್ಯಾಲ್ಶಿಯಂ ಮೈಗೆ ಹತ್ತುವುದು. ಕಿಟಕಿಯ ಗಾಜು ಆ ಕಿರಣವನ್ನು ಬಹುಪಾಲು ತಡೆದುಬಿಡುತ್ತೆ! ಅಂದರೆ ನಾನು ಹೇಳಿದ ಬಿಸಿಲು ಅದಕ್ಕೆ ಕಣ್ಣಿಗೆ ಮಾತ್ರ ಬಿಸಿಲು. ಜೊತೆಗೆ ದಿನಾ ಬಸಳೆ. ಬಸಳೆ, ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಇರುವ ಕ್ಯಾಲ್ಶಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತೆ. ರಕ್ತದಲ್ಲಿ ಕಮ್ಮಿಯಾದ ಕ್ಯಾಲ್ಶಿಯಂ ಅನ್ನು ಮೈ ಎಲುಬಿನಿಂದ ಕಿತ್ತುಕೊಳ್ಳುತ್ತೆ. ಎಲುಬು ಮೆತ್ತಗಾಗುತ್ತೆ. ಕರುಳೂ ಒಂದು ಮಾಂಸಖಂಡವೇ, ಕ್ಯಾಲ್ಶಿಯಂ ಇಲ್ಲದೆ ಅದು ಹಿಂಡುವುದಿಲ್ಲ. ಎಕ್ಸ್‌ರೇಯ ಗಂಟು ಮತ್ತು ಮಸುಕಾದ ಎಲುಬು ಒಂದೇ ಕಥೆಯ ಎರಡು ಪುಟ.

ಇನ್ನೊಂದು ವಿಷಯ ಓದಿ ಬೇಜಾರಾಯ್ತು. ಕಾಡಿನಲ್ಲಿ ಇಗ್ವಾನಾ ಮರಿಗಳು ದೊಡ್ಡವುಗಳ ಹಿಕ್ಕೆ ತಿನ್ನುತ್ತವಂತೆ, ಹೊಟ್ಟೆಗೆ ಬೇಕಾದ ಆ ಸೂಕ್ಷ್ಮಜೀವಿಗಳನ್ನು ಪಡೆಯಲು. ಪನಾಮಾದಲ್ಲಿ 1980ರ ದಶಕದ ಆರಂಭದಲ್ಲಿ ಇದನ್ನು ಅಧ್ಯಯನ ಮಾಡಿ ಕಂಡುಕೊಂಡರು. ಹಿರಿಯರಿಲ್ಲದೆ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬೆಳೆದ ಮರಿಗೆ ಆ ಆಸ್ತಿ ಎಲ್ಲಿಂದ ಬರಬೇಕು?

"ನಾಯಿ ಬೆಕ್ಕಿಗೂ ಕಾಯಿಲೆ ಬರುತ್ತಲ್ಲ, ಚೆನ್ನಾಗಿ ಸಾಕುವವರು ಇಲ್ವಾ?" ಅಂತ ನೀವು ಕೇಳಬಹುದು. ಇದ್ದಾರೆ. ದೊಡ್ಡ ಗೂಡು, ಸರಿಯಾದ ದೀಪ, ಥರ್ಮಾಮೀಟರು, ಇನ್ವರ್ಟರು ಎಲ್ಲ ಇಟ್ಟುಕೊಂಡು ಮಗುವಿನ ಹಾಗೆ ನೋಡಿಕೊಳ್ಳುವವರನ್ನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಸೂಯೆ ಇದೆ. ಆದರೆ ನಾಯಿ ಹೊಟ್ಟೆ ನೋವಾದರೆ ಕುಂಯ್‌ಗುಡುತ್ತೆ. ಓತಿ ಕಾಯಿಲೆಯನ್ನು ಮುಚ್ಚಿಡುತ್ತೆ, ಸೋತದ್ದು ಕಂಡರೆ ಹದ್ದು ಎತ್ತಿಕೊಂಡು ಹೋಗುತ್ತೆ ಅನ್ನುವ ಹಳೇ ಭಯ ಅದಕ್ಕೆ. ನಮಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತೆ. ಮತ್ತೆ ನಾಯಿಗೆ ಕಾರ್ಕಳದಲ್ಲಿ ಡಾಕ್ಟರಿದ್ದಾರೆ. ಓತಿಯ ಹೊಟ್ಟೆ ಬಲ್ಲವರು ಬೆಂಗಳೂರಂಥ ಊರಲ್ಲೂ ಕೆಲವೇ ಮಂದಿ. ಹಾಗಾಗಿ ನನ್ನ ಅಭಿಪ್ರಾಯ ಸರಳ: ನಿಮ್ಮ ಊರಿನಲ್ಲಿ ಅದನ್ನು ನೋಡುವ ಡಾಕ್ಟರಿಲ್ಲದಿದ್ದರೆ, ಮಳೆಗಾಲದ ನಾಲ್ಕು ತಿಂಗಳು ಅದಕ್ಕೆ ಬಿಸಿಲು ಕೊಡುವ ವ್ಯವಸ್ಥೆ ಇಲ್ಲದಿದ್ದರೆ, ತರಬೇಡಿ. ಎಷ್ಟು ಮುದ್ದಾಗಿದ್ದರೂ ತರಬೇಡಿ.

ಅದು ಎಲ್ಲಿಂದ ಬಂತು ಅಂತಲೂ ಕೇಳಿ. 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದ ಒಬ್ಬ ಪ್ರಯಾಣಿಕನ ಲಗೇಜಿನಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು, ಅದರಲ್ಲಿ ಇಗ್ವಾನಾಗಳೂ ಇದ್ದವು. ಒಂದು ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. ನಮ್ಮ ಪಚ್ಚೆ ಹಾಗೆ ಬಂದದ್ದು ಅಂತ ಹೇಳುತ್ತಿಲ್ಲ, ಆದರೆ ಅಲ್ಲ ಅನ್ನಲು ನಮ್ಮ ಹತ್ತಿರ ಒಂದು ಕಾಗದವೂ ಇರಲಿಲ್ಲ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಮತ್ತು 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಇಗ್ವಾನಾದಂಥ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು. ನಮ್ಮ ಉಡವನ್ನಂತೂ ಸಾಕುವುದೇ ಅಪರಾಧ. ನೋಂದಣಿ ಒಳ್ಳೆಯದೇ. ಆದರೆ ಮಾರುವವನು ಎಷ್ಟು ಶಾಖ, ಯಾವ ದೀಪ, ಯಾವ ಸೊಪ್ಪು ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಕೊಡಲೇಬೇಕು ಅನ್ನುವ ನಿಯಮವೂ ಬರಬೇಕು. ಒಂದು ಮಿಕ್ಸಿ ಕೊಂಡರೂ ಪುಸ್ತಕ ಕೊಡುತ್ತಾರೆ, ಜೀವಕ್ಕೆ ಬೇಡವಾ?

ಈಗಾಗಲೇ ಮನೆಯಲ್ಲಿ ಇದ್ದರೆ, ನಾನು ತಡವಾಗಿ ಕಲಿತದ್ದು ಇಷ್ಟು:

1. ನೆಲಕ್ಕೆ ಹಳೇ ಪೇಪರ್ ಹಾಸಿ. ನಾರು, ಮರಳು, ಮರದ ಹುಡಿ ಬೇಡ. ಸೊಪ್ಪನ್ನು ತಟ್ಟೆಯಲ್ಲೇ ಇಡಿ.
2. ಶಾಖವನ್ನು ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ. ಕರೆಂಟು ಹೋದರೆ ಏನು ಅಂತ ಮೊದಲೇ ಯೋಚಿಸಿ.
3. ಯುವಿಬಿ ಟ್ಯೂಬು ಉರಿಯುತ್ತಿದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಅದರ ಶಕ್ತಿ ಕುಂದುತ್ತೆ, ಬದಲಾಯಿಸಬೇಕು. ಗಾಜಿನಾಚೆಯ ಬಿಸಿಲು ಲೆಕ್ಕಕ್ಕಿಲ್ಲ.
4. ಇಗ್ವಾನಾ ಸೊಪ್ಪು ತಿನ್ನುವ ಪ್ರಾಣಿ. ದಾಸವಾಳದ ಎಲೆ, ಹೂವು, ಹಿಪ್ಪುನೇರಳೆ ಎಲೆ ಕೊಡಿ. ಬಸಳೆ, ಪಾಲಕ್ ಅಪರೂಪಕ್ಕೆ. ಚಪಾತಿ, ಮೊಟ್ಟೆ, ಮಾಂಸ ಬೇಡ.
5. ಕಕ್ಕ ನಿಂತು, ತಿನ್ನುವುದು ಬಿಟ್ಟು, ಹೊಟ್ಟೆ ಉಬ್ಬಿದರೆ, ಮುಕ್ಕಿದರೆ, ಹಿಂಗಾಲು ಎಳೆದರೆ ಕಾಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ, ತಲೆ ಮೇಲಿರುವ ಹಾಗೆ ಕಾಲು ಗಂಟೆ ಕೂರಿಸಬಹುದು. ಹೊಟ್ಟೆ ಒತ್ತಬೇಡಿ, ಬಾಯಿಗೆ ಎಣ್ಣೆ ಹಾಕಬೇಡಿ, ಮನುಷ್ಯರ ಭೇದಿ ಮಾತ್ರೆ ಬೇಡವೇ ಬೇಡ. ಎಕ್ಸ್‌ರೇ ತೆಗೆಸಿ, ಡಾಕ್ಟರಿಗೆ ತೋರಿಸಿ.
6. ಸಾಕಲಾಗದಿದ್ದರೆ ಕಾಡಿಗೆ, ತೋಟಕ್ಕೆ ಬಿಡಬೇಡಿ. ಫ್ಲೋರಿಡಾ, ಪೋರ್ಟೊರಿಕೊ, ತೈವಾನಿನಲ್ಲಿ ಹೀಗೆ ಹೊರಬಿದ್ದ ಇಗ್ವಾನಾಗಳು ಈಗ ದೊಡ್ಡ ಪಿಡುಗು.

ಕಳೆದ ಸಲ ಊರಿಗೆ ಹೋದಾಗ ತಮ್ಮ ಖಾಲಿ ತೊಟ್ಟಿಯನ್ನು ಅಟ್ಟಕ್ಕೆ ಹಾಕಿದ್ದ. ನಾನು ಏನೋ ಸಮಾಧಾನ ಹೇಳಲು ಹೋದೆ, ಅವನು "ನೀನು ಹೇಳಿದ ಹಾಗೇ ಮಾಡಿದ್ದೆ ಅಣ್ಣ" ಅಂದ. ಬೈಯಲಿಲ್ಲ, ಸುಮ್ಮನೆ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ಅಡಿಕೆ ತೋಟಕ್ಕೆ ಹೋದೆವು. ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರುವ ಓತಿ ತೇಲಿಕೊಂಡು ಹೋಯಿತು, ತೇಜಸ್ವಿಯವರ 'ಕರ್ವಾಲೋ' ಓದಿದವರಿಗೆಲ್ಲ ಗೊತ್ತಿರುವ ಅದೇ ಓತಿ. ಅಡಿಕೆ ಮರದ ತೊಗಟೆಗೆ ಅಂಟಿಕೊಂಡು ಇರುವೆಗಳನ್ನು ಒಂದೊಂದೇ ಹೆಕ್ಕಿ ತಿಂತಾ ಇತ್ತು. ಕತ್ತಲಾಗುವವರೆಗೂ ನೋಡುತ್ತಾ ನಿಂತೆವು. ಇಬ್ಬರೂ ಅದನ್ನು ಹಿಡಿಯುವ ಮಾತಾಡಲಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥವನ್ನು ಸಾಕಿದ್ದರೆ, ಮಳೆಗಾಲ ಹೇಗೆ ಕಳೆಯುತ್ತೀರಿ ಅಂತ ದಯವಿಟ್ಟು ಬರೆಯಿರಿ. ನನ್ನ ಮಾತು ತಪ್ಪು ಅನ್ನಿಸಿದರೂ ಬರೆಯಿರಿ. ಇನ್ನೊಬ್ಬರ ಮನೆಯ ಪಚ್ಚೆಗಾದರೂ ಉಪಯೋಗಕ್ಕೆ ಬರಲಿ.