ಕೂಟವನ್ನು ದಂಗೆ ಎಂದವರು

1831ರ ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪತ್ರ ಬರೆದು ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ನಗರ ದಂಗೆ ಅದಕ್ಕೆ ಸಿಕ್ಕ ಕಾರಣ. 1834ರಲ್ಲಿ ಅವನೇ, ರಾಜ್ಯದ ಒಂದು ಭಾಗವನ್ನಾದರೂ ಮರಳಿಸೋಣವೆಂದು ಲಂಡನ್ನಿಗೆ ಬರೆದ. ಅವರು ಒಪ್ಪಲಿಲ್ಲ, ರಾಜ್ಯ ಮರಳಿದ್ದು 1881ರಲ್ಲಿ.

ಈ ಪತ್ರಗಳನ್ನು ಹಿಡಿದು ಅರಸರು ಸರಿಯೋ ಕಂಪನಿ ಸರಿಯೋ ಎಂದು ನಾವಿನ್ನೂ ಜಗಳವಾಡುತ್ತಿದ್ದೇವೆ. ನನ್ನ ತಕರಾರು ಆ ಜಗಳದ ಬಗ್ಗೆಯೇ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ರೈತರು ಎದ್ದದ್ದೇಕೆ? ಇಂತಿಷ್ಟು ಹಣ ತಂದೇ ತರುತ್ತೇವೆಂದು ಶರ್ತಿ ಬರೆದುಕೊಟ್ಟು ಬಂದ ಅಮಲ್ದಾರರು ಸುಲಿದರು. ರೈತರು ಕೂಟ ಸೇರಿದರು, ಕಂದಾಯ ಕೊಡೆವು ಎಂದರು. ಬೂದಿ ಬಸವಪ್ಪ ಕೆಳದಿಯ ವಾರಸುದಾರನೋ ಸೋಗಿನವನೋ ಎಂದು ಪುಟಗಟ್ಟಲೆ ಬರೆಯುವ ನಾವು ಶರ್ತಿಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತೇವೆ. ‘ದಂಗೆ’ ಎಂಬುದೇ ಹತ್ತಿಕ್ಕಿದವರ ಮಾತು. ‘ಕೂಟ’ ಎಂದರೆ ನಮ್ಮ ಪಿಎಚ್‌ಡಿ ಕೆಡುತ್ತದೆಯೇ?

ಬೆಂಟಿಂಕನ ಇಂಗ್ಲಿಷ್ ಓದಲು ಎಲ್ಲರಿಗೂ ಬರುತ್ತದೆ. ಮಲೆನಾಡಿನ ಮನೆಗಳ ಅಟ್ಟದಲ್ಲಿ ಗೆದ್ದಲು ಹಿಡಿದಿರುವ ಕಂದಾಯದ ಕಡತ ಓದಬೇಕಾದರೆ ಮೋಡಿ ಅಕ್ಷರ ಬೇಕು. ಅದನ್ನು ನಮಗೆ ಕಲಿಸುವವರು ಯಾರು?