ಟೈಟಾನಿಕ್ ಸಾಕು, ಹಾಲಿನ ಚೀಟಿ ತನ್ನಿ

1912ರಲ್ಲಿ ಮುಳುಗಿದ ಟೈಟಾನಿಕ್ ನಮ್ಮ ರೆಸ್ಯುಮೆಗಳಲ್ಲಿ ಇನ್ನೂ ತೇಲ್ತಾ ಇದೆ. ಮಿನಿ ಪ್ರಾಜೆಕ್ಟ್ ಅಂದ್ರೆ ಯಾರೋ ಕೊಟ್ಟ ಡೇಟಾ, ಯಾರೋ ಬರೆದ ಕೋಡ್.

ಈ ಸಲ ನಾವು, ಗೆಳೆಯನ ಅಮ್ಮ ಡೈರಿಗೆ ಹಾಲು ಹಾಕಿದ ಚೀಟಿಗಳನ್ನು ತಂದ್ವಿ. ಮೂರು ತಿಂಗಳು, ದಿನಕ್ಕೆರಡು ಚೀಟಿ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ರೇಟು. ‘ಡೇಟಾ ತುಂಬಾ ಸಣ್ಣದು’ ಅಂದ್ರು ಕ್ಲಾಸಲ್ಲಿ. ಎಲ್ಲರೂ ಬಳಸೋ ಐರಿಸ್‌ನಲ್ಲಿ ಇರೋದೇ 150 ಹೂವು!

ಒಂದು ವಾರ ಫ್ಯಾಟ್ ಇಳಿದಿತ್ತು. ಯಾಕೆ ಅಂತ ನಮ್ಮ ಕೋಡ್‌ಗೆ ಗೊತ್ತಾಗಲಿಲ್ಲ. ಗ್ರಾಫ್ ತೋರಿಸಿದಾಗ ಅಮ್ಮ, “ಆಗ ಒಣಹುಲ್ಲು ಖಾಲಿಯಾಗಿತ್ತು, ಬರೀ ಹಸಿಹುಲ್ಲು ಹಾಕಿದ್ದೆ ಕಣ್ರೋ” ಅಂದ್ರು. ನಮ್ಮ ಟೇಬಲ್‌ನಲ್ಲಿ ಮೇವಿನ ಕಾಲಮ್ಮೇ ಇರಲಿಲ್ಲ.

ಟೈಟಾನಿಕ್ ಡೇಟಾದಲ್ಲಿ ನಮ್ಮನ್ನು ತಿದ್ದೋಕೆ ಯಾರೂ ಸಿಗಲ್ಲ. ಮನೆಯ ಡೇಟಾದಲ್ಲಿ ಸಿಗ್ತಾರೆ. ಮುಂದಿನ ಸೆಮ್‌ನಲ್ಲಿ ಡೌನ್‌ಲೋಡ್ ಒತ್ತೋ ಮುಂಚೆ ಊರಿಗೊಂದು ಫೋನ್ ಮಾಡೋಣ.